ಪಾತಾಳದಲ್ಲಿ ಟವರ್ ಸಿಗುತ್ತಾ?

ಆರೆಯಿಂದ ಕಫ್ ಪರೇಡ್‌ವರೆಗೆ 33.5 ಕಿಲೋಮೀಟರ್. 27 ನಿಲ್ದಾಣ, ಅದರಲ್ಲಿ 26 ನೆಲದಡಿ. ಮುಂಬೈಯ ಹೊಟ್ಟೆ ಕೊರೆದು, ಎಸಿ ಹಾಕಿ, ಎಸ್ಕಲೇಟರ್ ಕೂರಿಸಿ, ಗೇಟಿಗೊಂದು ಕ್ಯೂಆರ್ ಓದುವ ಕಣ್ಣು ಇಟ್ಟು, 2025ರ ಅಕ್ಟೋಬರ್‌ನಲ್ಲಿ ಮೆಟ್ರೋ 3ನ್ನು ಪೂರ್ತಿ ತೆರೆದರು. ಎಲ್ಲ ಇತ್ತು. ಹೆಚ್ಚಿನವರ ಮೊಬೈಲಿಗೆ ಟವರ್ ಒಂದಿರಲಿಲ್ಲ. ಸುರಂಗದೊಳಗೆ ಸಿಗ್ನಲ್ ವ್ಯವಸ್ಥೆ ಯಾರು ಮಾಡಬೇಕು, ದುಡ್ಡು ಯಾರು ಯಾರಿಗೆ ಕೊಡಬೇಕು ಎಂದು ಮೆಟ್ರೋದವರಿಗೂ ಟೆಲಿಕಾಂ ಕಂಪನಿಗಳಿಗೂ ಜಟಾಪಟಿ. ಜಗಳ ಅವರವರದ್ದು, ಇಳಿದದ್ದು ಪ್ರಯಾಣಿಕರ ಬ್ಯಾಟರಿ.

ಫೋರ್ಟ್ ಕಡೆ ಹೋಟೆಲಿನ ಗಲ್ಲಾದಲ್ಲಿ ಕೂರುವ ನಮ್ಮ ಶೆಟ್ರಿಗೆ ಈ ಲೆಕ್ಕ ಕೂಡಿಬರುವುದೇ ಇಲ್ಲ. "ಒಂದು ಕಾಲ್ ಮಾಡ್ಲಿಲ್ಲ, ಒಂದು ವಿಡಿಯೋ ನೋಡ್ಲಿಲ್ಲ. ಕಿಸೆಯಲ್ಲಿ ಸುಮ್ಮನೆ ಇಟ್ಟದ್ದು. ಚಾರ್ಜ್ ಎಲ್ಲಿಗೆ ಹೋಯ್ತು ಮಾರಾಯ್ರೆ?" ಪಕ್ಕದಲ್ಲಿ ನಿಂತವರ ಉತ್ತರ ತಯಾರಿತ್ತು: "ವೈಫೈ ಆನ್ ಇಟ್ಟಿರ್ತೀರಿ, ಬಂದ್ ಮಾಡಿ."

ಪಾಪ, ವೈಫೈ! ಬ್ಯಾಟರಿಗೆ ಏನಾದರೂ ಮೊದಲ ಅಪವಾದ ಅದರ ತಲೆಗೆ. ಅದರ ಪೆಟ್ಟಿಗೆ ಹತ್ತು ಹೆಜ್ಜೆಯಲ್ಲೇ ಇರುತ್ತದೆ, ಮಾತಿಗೆ ಸ್ವಲ್ಪ ಶಕ್ತಿ ಸಾಕು. ಟವರ್ ದೂರದ್ದು. ಸಿಗ್ನಲ್ ಕ್ಷೀಣಿಸಿದಷ್ಟೂ ಫೋನ್ ತನ್ನ ದನಿ ಏರಿಸುತ್ತದೆ, 4ಜಿಯಲ್ಲಿ ಸಾಮಾನ್ಯವಾಗಿ 200 ಮಿಲಿವ್ಯಾಟ್‌ವರೆಗೂ. ಒಂದು ಫೋಟೋ ಕಳಿಸಿ ಮುಗಿದ ಮೇಲೂ ಟವರ್ ಜೊತೆ ಮಾತಾಡುವ ಫೋನಿನ ರೇಡಿಯೋ ತಕ್ಷಣ ಮಲಗುವುದಿಲ್ಲ, ಇನ್ನೇನಾದರೂ ಬಂದೀತೆಂದು ಕೆಲವು ಸೆಕೆಂಡು ಎದ್ದೇ ಇರುತ್ತದೆ. ಇನ್ನು ಟವರೇ ಇಲ್ಲ ಎನ್ನಿ, ಆಗ ಜಾತ್ರೆಯಲ್ಲಿ ಮಗು ಕಳಕೊಂಡ ತಾಯಿಯ ಪಾಡು: ಈ ಬ್ಯಾಂಡ್, ಆ ಬ್ಯಾಂಡ್, 5ಜಿ ಇದೆಯಾ, 4ಜಿ ಇದೆಯಾ, 2ಜಿಯಾದರೂ? ಇಲ್ಲವೇ? ಸ್ವಲ್ಪ ತಡೆದು ಮತ್ತೆ ಮೊದಲಿಂದ. ಶೆಟ್ರು ಸುಮ್ಮನಿದ್ದರು, ಅವರ ಕಿಸೆ ಸುಮ್ಮನಿರಲಿಲ್ಲ.

ಪರಿಹಾರ ಇಲ್ಲದಿಲ್ಲ. ನೆಲದ ಎಷ್ಟೋ ಅಡಿ ಕೆಳಗೆ ಇಳಿಯುವ ಮುನ್ನ ಫೋನಿನಲ್ಲಿ ಏರ್‌ಪ್ಲೇನ್ ಮೋಡಿನ ವಿಮಾನದ ಚಿತ್ರ ಒತ್ತಬೇಕು, ಟವರ್ ಹುಡುಕಾಟ ನಿಲ್ಲುತ್ತದೆ. ಆಮೇಲೆ ಬೇಕಿದ್ದರೆ ವೈಫೈ ಒಂದನ್ನೇ ಮತ್ತೆ ಆನ್ ಮಾಡಬೇಕು. ಇದನ್ನು ಶೆಟ್ರಿಗೆ ಹೇಳಿದರೆ "ಏರ್‌ಪೋರ್ಟ್ ಸ್ಟೇಷನ್ನಿಗೆ ಹೋಗುವವರಿಗೆ ಮಾತ್ರವಾ?" ಎಂದರು.

ಆಡಳಿತಕ್ಕೂ ವೈಫೈಯೇ ಕೊನೆಗೆ ಕೈಹಿಡಿದದ್ದು. ಟವರಿನ ಜಗಳ ಬಗೆಹರಿಯದೆ, ಟಿಕೆಟ್ ತೆಗೆಯುವ ಮಹಡಿಯಲ್ಲಿ ವೈಫೈ ಪುಕ್ಕಟೆ ಕೊಟ್ಟರು, ಜನ ಆ್ಯಪಿನಲ್ಲಿ ಟಿಕೆಟ್ ಮಾಡಿಕೊಳ್ಳಲಿ ಎಂದು. ನೋಡಿ, ಎಷ್ಟು ಸ್ಪಷ್ಟವಾದ ಆದ್ಯತೆ! ದುಡ್ಡು ಕೊಡುವ ತನಕ ನೀವು ಗ್ರಾಹಕರು. ಒಂದು ಮಹಡಿ ಕೆಳಗಿಳಿದರೆ ಬರೀ ಲಗೇಜು. ಮನೆಗೆ "ಬರ್ತಾ ಇದ್ದೇನೆ" ಎಂದು ಹೇಳುವುದು ಆದಾಯದ ಬಾಬ್ತಲ್ಲವಲ್ಲ.

ನಮ್ಮ ದೇಶದ ಸಾರ್ವಜನಿಕ ವೈಫೈಗೆ ಇನ್ನೊಂದು ಸೊಗಸಿದೆ. ಸಾಮಾನ್ಯವಾಗಿ ಒಳಗೆ ಹೋಗಲು ಮೊಬೈಲ್ ನಂಬರ್ ಕೊಡಬೇಕು, ನಂಬರಿಗೆ ಒಟಿಪಿ ಬರಬೇಕು, ಒಟಿಪಿ ಬರಲು ಟವರ್ ಬೇಕು. ಟವರ್ ಇಲ್ಲದ್ದಕ್ಕೇ ಅಲ್ಲವಾ ಸ್ವಾಮೀ ವೈಫೈ ಕೇಳಿದ್ದು?

ಬ್ಯಾಟರಿ ಮುಗಿದವನ ಗತಿ ಏನೆಂದು ಯಾರೂ ಕೇಳಬಾರದು. ಟಿಕೆಟ್ ಫೋನಿನಲ್ಲಿ, ಹಣ ಫೋನಿನಲ್ಲಿ, ಆಧಾರ್ ಫೋನಿನಲ್ಲಿ. ಒಳಗೆ ಬರಲು ಕ್ಯೂಆರ್ ತೋರಿಸಿದವ ಹೊರಬರಲೂ ತೋರಿಸಬೇಕು. ಗೇಟಿನ ಮುಂದೆ ಪರದೆಯ ಬೆಳಕು ಪೂರ್ತಿ ಏರಿಸಿ, ಶೇಕಡಾ 2 ಎಂಬ ಕೆಂಪಂಕಿ ನೋಡುತ್ತ, ಫೋನನ್ನು ಗಾಜಿಗೆ ಒತ್ತಿ ಹಿಡಿದು ತುಟಿ ಅಲ್ಲಾಡಿಸುವವರು ಪ್ರಾರ್ಥನೆ ಮಾಡುತ್ತಾರೋ, ಬೈಯುತ್ತಾರೋ ಗೊತ್ತಾಗುವುದಿಲ್ಲ.

ಹಾಗೆ ಮೇಲೆ ಬಂದವರೊಬ್ಬರು ಶೆಟ್ರ ಹೋಟೆಲಿನಲ್ಲಿ ಕಾಫಿ ಕುಡಿದು, ಸತ್ತ ಫೋನನ್ನು ಕಿಸೆಗೆ ಹಾಕಿ, ಐನೂರರ ನೋಟು ಗಲ್ಲಾದ ಮೇಲಿಟ್ಟರು. ಶೆಟ್ರು ನೋಟು ನೋಡಿದರು, ಅವರ ಮುಖ ನೋಡಿದರು, ಗಾಜಿಗೆ ಅಂಟಿಸಿದ ಕ್ಯೂಆರ್ ಕಡೆ ಬೆರಳು ತೋರಿದರು.

"ಚಿಲ್ಲರೆ ಇಲ್ಲ ಮಾರಾಯ್ರೆ, ಜಿಪೇ ಮಾಡಿ."