ಚಕ್ರ ಒಂದನ್ನೇ ಕೊಡಿ ಅಂದರು

ಹೋದ ವಾರ ಬೆಂಗಳೂರಿನ ಒಂದು ಗ್ಯಾಲರಿಯವರು ನಾನು ಲಿನೋಲಿಯಂ ಹಾಳೆ ಕೆತ್ತಿ ಅಚ್ಚು ಹಾಕಿದ ಚಿತ್ರಗಳನ್ನು, ಅಂದರೆ ನನ್ನ ಲಿನೋಕಟ್‌ಗಳನ್ನು ನೋಡಿದರು. ಇಷ್ಟಪಟ್ಟರು ಕೂಡ. ಆಮೇಲೆ ಹೇಳಿದರು: "ಈ ಹೊಲ, ಬದು, ತೊಗರಿ ಗಿಡ ಎಲ್ಲ ತೆಗೆದುಬಿಡಿ. ಧರ್ಮಚಕ್ರ ಒಂದನ್ನೇ ಕೊಡಿ. ಗೋಡೆಗೆ ಚೆನ್ನಾಗಿ ಹೊಂದುತ್ತೆ." ಆಗಲ್ಲ ಅಂದೆ. ಯಾಕೆ ಅಂತ ಅಲ್ಲಿ ಸರಿಯಾಗಿ ಹೇಳಲು ಬರಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಬುದ್ಧನ ಬೋಧನೆಯ ಗುರುತಾದ ಆ ಚಕ್ರ ನನಗೆ ಪುಸ್ತಕದಲ್ಲಿ ಸಿಕ್ಕಿದ್ದಲ್ಲ. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿ ಹತ್ತಿರ, ಕನಗನಹಳ್ಳಿಯಲ್ಲಿ ಸಿಕ್ಕಿದ್ದು. ಭೀಮಾ ನದಿಯ ದಂಡೆಯ ಊರದು. 1990ರ ದಶಕದಲ್ಲಿ ಅಲ್ಲಿ ಅಗೆದಾಗ ದೊಡ್ಡ ಬೌದ್ಧ ಸ್ತೂಪವೇ ಹೊರಬಂತು. ಒಂದು ಕಲ್ಲಿನಲ್ಲಿ ಅಶೋಕ ರಾಣಿಯ ಜೊತೆ ನಿಂತಿದ್ದಾನೆ, ಬ್ರಾಹ್ಮಿ ಲಿಪಿಯಲ್ಲಿ ಅವನ ಹೆಸರೂ ಇದೆ. ಸುತ್ತ ಎರೆ ಹೊಲ. ನಾನು ಕೂತು ಸ್ಕೆಚ್ ಮಾಡುವಾಗ ಒಬ್ಬ ಅಜ್ಜ ಬಂದು, "ಏನ್ ಬರೀಲತ್ತೀರಿ ಸರ?" ಅಂದರು. ತೋರಿಸಿದೆ. "ಕಲ್ಲು ಬರೆದೀರಿ, ನಮ್ಮ ಹೊಲ ಯಾಕ್ ಬಿಟ್ಟೀರಿ?" ಅಂದರು. ಅವತ್ತಿನಿಂದ ನಾನು ಹೊಲ ಬಿಟ್ಟಿಲ್ಲ.

ಅಲ್ಲಿ ನನ್ನನ್ನು ತುಂಬಾ ಹೊತ್ತು ಹಿಡಿದಿಟ್ಟದ್ದು ಖಾಲಿ ಆಸನ. ಬೋಧಿವೃಕ್ಷದ ಕೆಳಗೆ ಆಸನ ಇದೆ, ಪಾದದ ಗುರುತು ಇದೆ, ಜನ ಕೈ ಮುಗಿದಿದ್ದಾರೆ. ಬುದ್ಧ ಇಲ್ಲ. ಆ ಕಾಲದ ಶಿಲ್ಪಿಗಳು ಬುದ್ಧನನ್ನು ಹಲವು ಕಡೆ ಹೀಗೆ ಗುರುತುಗಳಲ್ಲೇ ತೋರಿಸಿದರು. ಲಿನೋ ಕೆತ್ತುವವನಿಗೆ ಇದು ಬೇಗ ಅರ್ಥವಾಗುತ್ತೆ. ನಾವು ಉಳಿ ಹಾಕಿ ತೆಗೆದ ಜಾಗಕ್ಕೆ ಶಾಯಿ ತಾಗೋದಿಲ್ಲ, ಕಾಗದದಲ್ಲಿ ಅದು ಬಿಳಿಯಾಗಿಯೇ ಉಳಿಯುತ್ತೆ. ನನ್ನ ಪ್ರಿಂಟ್‌ನಲ್ಲಿ ಆ ಆಸನ ಬರೀ ಬಿಳಿ ಕಾಗದ. ಸುತ್ತಲಿನ ಕಪ್ಪು ಮಾತ್ರ ಎರೆಮಣ್ಣಿನದು, ಬೇಸಿಗೆಯ ಬಿರುಕುಗಳ ಸಮೇತ. ಆ ಕಪ್ಪನ್ನು ತೆಗೆದರೆ ಬಿಳಿ ಎಲ್ಲಿ ಕಾಣುತ್ತೆ, ನೀವೇ ಹೇಳಿ.

ಸುಮ್ನೆ ಇನ್ನೊಂದು ಮಾತು. ಕನಗನಹಳ್ಳಿಯ ಶಿಲ್ಪ ಸುಣ್ಣದಕಲ್ಲಿನದು. ನಮ್ಮ ಮನೆಗೆ ಹಾಸಿರುವ ಶಹಾಬಾದ್ ಫರ್ಸಿಯೂ ಸುಣ್ಣದಕಲ್ಲೇ. 1796ರ ಸುಮಾರಿಗೆ ಜರ್ಮನಿಯ ಬವೇರಿಯಾದಲ್ಲಿ ಲಿಥೋಗ್ರಫಿ (ಕಲ್ಲಿನ ಮೇಲೆ ಬರೆದು ಅಚ್ಚು ತೆಗೆಯುವ ವಿಧಾನ) ಹುಟ್ಟಿದ್ದೂ ಸುಣ್ಣದಕಲ್ಲಿನ ಮೇಲೆ. ಇದು ನೆನಪಾದಾಗಲೆಲ್ಲ ನನಗೆ ಖುಷಿಯಾಗುತ್ತೆ.

ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿಯಿತು. ಆಗ ಗೊತ್ತಾಯಿತು, ಮೂರ್ತಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನ ಅಂತ. ಮೂರ್ತಿ ಕೂರಿಸಲು ಅದರ ನಡುವೆ ತೂತು ಕೊರೆದಿದ್ದರು, ಅಕ್ಷರಗಳೂ ಹೋಗಿವೆ. ನಾನದನ್ನು ಕೆತ್ತುವಾಗ ತೂತನ್ನೂ ಬಿಡಲಿಲ್ಲ. ಆ ಕಲ್ಲನ್ನು ಎಷ್ಟೋ ಕಾಲ ಜನ ಪೂಜೆಯಲ್ಲಿ ಇಟ್ಟುಕೊಂಡಿದ್ದರು. ಅದೂ ಶಾಸನದ ಕಥೆಯೇ ಅಲ್ವಾ?

ಇನ್ನು ಹಳೆಯ ಗುರುತು ಅಂದರೆ ಮಣ್ಣಿನಡಿ ಇರುವುದು ಮಾತ್ರ ಅಲ್ಲ. ಎಳ್ಳ ಅಮಾವಾಸ್ಯೆಗೆ ನಮ್ಮವ್ವ ಹೊಲದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರು ಅಂತ ಇಡುತ್ತಾಳೆ. ಆ ಐದು ಬಿಳಿ ಕಲ್ಲು ಧರ್ಮಚಕ್ರಕ್ಕಿಂತ ಏನು ಕಡಿಮೆ? ಚಿತ್ರ ಕಲಿಯುವ ಹುಡುಗರು ಇಂಟರ್ನೆಟ್‌ನಿಂದ ಹರಪ್ಪದ ಗೂಳಿ ಇಳಿಸಿಕೊಂಡು ಅಚ್ಚು ಹಾಕುವುದನ್ನು ನೋಡಿದಾಗ ಬೇಜಾರಾಗುತ್ತೆ. ಒಂದು ದಿನ ಬಸ್ ಹತ್ತಿ ಸನ್ನತಿಗೆ ಹೋಗಿ ಮಕ್ಕಳೇ. ಕಲ್ಲಿನ ಮೇಲೆ ಕಾಗದ ಇಟ್ಟು ಇದ್ದಿಲು ಉಜ್ಜಬೇಡಿ, ಅದಕ್ಕೆ ಪೆಟ್ಟಾಗುತ್ತೆ. ದೂರ ಕೂತು ಬರೆಯಿರಿ. ಬಿಸಿಲು ಎಲ್ಲಿಂದ ಬೀಳುತ್ತೆ, ಕುಂಟೆ ಯಾವ ಕಡೆ ಗೆರೆ ಎಳೆದಿದೆ, ಅದನ್ನೂ ನೋಡಿ.

ಅಚ್ಚಿನ ಚಿತ್ರದ ದೊಡ್ಡ ಗುಣ ಅಂದರೆ ಒಂದೇ ಬ್ಲಾಕ್‌ನಿಂದ ಎಷ್ಟೋ ಪ್ರತಿ ತೆಗೆಯಬಹುದು. ಪ್ರೆಸ್ ಇಲ್ಲದಿದ್ದರೂ ಕಟ್ಟಿಗೆಯ ಸೌಟಿನ ಬೆನ್ನಿನಿಂದ ಉಜ್ಜಿದರೆ ಸಾಕು. ಹಾಗಾಗಿ ಬೆಲೆ ಕಡಿಮೆ ಇಡಬಹುದು, ಹಳ್ಳಿ ಮನೆಗೂ ಕೊಡಬಹುದು.

ಈಗ ಹೊಸ ಬ್ಲಾಕ್ ಕೆತ್ತುತ್ತಿದ್ದೇನೆ. ಖಾಲಿ ಆಸನ, ಅದರ ಮುಂದೆ ಐದು ಬಿಳಿ ಕಲ್ಲು, ಹಿಂದೆ ತೊಗರಿ. ಮೂವತ್ತು ಪ್ರತಿ ಮಾಡುತ್ತೇನೆ. ಮೊದಲನೆಯದು ಕನಗನಹಳ್ಳಿಯ ಆ ಅಜ್ಜನ ಮನೆಗೆ.