ಮೂರನೇ ಪಿನ್ನಿಗೆ ಯಾರೂ ರಿಬ್ಬನ್ ಕತ್ತರಿಸಲ್ಲ

ಬೆಳಿಗ್ಗೆಯಿಂದ ಮೇಷ್ಟ್ರುಗಳ ವಾಟ್ಸಾಪ್ ಗ್ರೂಪಿನಾಗ ಒಂದೇ ಫೋಟೋ ಸುತ್ತಾಕತ್ತದ. ನಮ್ಮ ಕಡೆಯದೇ ಒಂದು ಕಿರಿಯ ಪ್ರಾಥಮಿಕ ಶಾಲೆ. 75 ಇಂಚಿನ ಹೊಸ ಸ್ಮಾರ್ಟ್ ಬೋರ್ಡು, ಅದಕ್ಕೆ ಚೆಂಡುಹೂವಿನ ಹಾರ, ಚೌಕಟ್ಟಿನ ನಾಲ್ಕೂ ಮೂಲೆಗೆ ಕುಂಕುಮ, ಮುಂದೆ ಒಡೆದ ತೆಂಗಿನಕಾಯಿ. ಶಾಲು ಹೊದ್ದವರು ಹನ್ನೊಂದು ಮಂದಿ, ಅವರ ಸಂದಿಯಲ್ಲಿ ಎಲ್ಲೋ ನಾಲ್ಕು ಮಕ್ಕಳ ತಲೆ. ಕೆಳಗೆ ಸಾಲುಸಾಲು ಅಭಿನಂದನೆ. ನಾನು ಫೋಟೋ ಹಿಗ್ಗಿಸಿ ಎಡಗಡೆ ಕೆಳಮೂಲೆ ನೋಡಿದೆ. ಬೋರ್ಡಿನ ಮೂರು ಪಿನ್ನಿನ ಪ್ಲಗ್ಗು ಎರಡು ಪಿನ್ನಿನ ಕನ್ವರ್ಟರಿಗೆ, ಕನ್ವರ್ಟರು ಎಕ್ಸ್‌ಟೆನ್ಷನ್ ಬಾಕ್ಸಿಗೆ, ಬಾಕ್ಸು ಸುತಲಿ ಹಗ್ಗದಿಂದ ಕಿಟಕಿ ಸರಳಿಗೆ.

ಅಂದರೆ ಅರ್ಥಿಂಗ್, ಸೋರಿದ ಕರೆಂಟು ನೆಲಕ್ಕೆ ಇಳಿಯುವ ದಾರಿ, ಇಲ್ಲ. ಮತ್ತೆ ಅದೇ ರಾಗ ಶುರು ಮಾಡಿದ ಅಂತೀರಿ. ಹೌದ್ರಿ, ಅದೇ ರಾಗ.

ಮೊದಲು ಆ ಕುಂಕುಮದ ಮಾತು. ಭಕ್ತಿಗೆ ನನ್ನ ತಕರಾರಿಲ್ಲ, ಜಾಗದ್ದು ತಕರಾರು. ಈ ಬೋರ್ಡುಗಳಲ್ಲಿ ಹೆಚ್ಚಿನವು ಬೆರಳನ್ನು ಗುರುತಿಸೋದು ಗಾಜಿನಿಂದ ಅಲ್ಲ, ಚೌಕಟ್ಟಿನ ಅಂಚಿನಿಂದ. ಒಂದು ಬದಿಯಿಂದ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು ಹೊರಡುತ್ತದೆ, ಎದುರು ಬದಿಯ ಸೆನ್ಸರ್ ಹಿಡಿಯುತ್ತದೆ. ಬೆರಳು ಅಡ್ಡ ಬಂದ ಕಡೆ ಬೆಳಕು ಕಡಿಯುತ್ತದೆ, ಅದೇ ಟಚ್. ಆ ಅಂಚಿನ ಸಂದಿಯಲ್ಲಿ ಕುಂಕುಮವೋ ಸೀಮೆಸುಣ್ಣದ ಪುಡಿಯೋ ಕೂತರೆ ಆ ಪಟ್ಟಿ ಕುರುಡಾಗುತ್ತದೆ, ಇಲ್ಲವೇ ಯಾರೋ ಸದಾ ಬೆರಳಿಟ್ಟಿದ್ದಾರೆ ಅಂತ ಬೋರ್ಡು ತಿಳಿಯುತ್ತದೆ. ಮೂರು ತಿಂಗಳಿಗೆ "ಬೋರ್ಡು ತಾನೇ ಗೀಚ್ತದ್ರಿ ಸರ, ದೆವ್ವ ಹೊಕ್ಕಾದ" ಅಂತ ದೂರು. ದೆವ್ವ ಅಲ್ಲ, ಪುಡಿ. ಬಣ್ಣ ಹಚ್ಚುವ ಒಂದಿಂಚಿನ ಹೊಸ ಬ್ರಷ್ ತಂದು ಒಣದಾಗಿ ವಾರಕ್ಕೊಮ್ಮೆ ಆಡಿಸಿದರೆ ಸಾಕು. ಪಡುವಣ ಕಿಟಕಿಯ ಬಿಸಿಲು ನೇರ ಚೌಕಟ್ಟಿಗೆ ಬಿದ್ದರೂ ಇದೇ ರೋಗ. ಹಳೆಯ ಹಸಿರು ಬೋರ್ಡಿನ ಕೆಳಗೇ ಇದನ್ನು ಕೂರಿಸುವವರಿಗೆ ನಮಸ್ಕಾರ. ಮೇಲೆ ಡಸ್ಟರ್ ಒರೆಸಿದಾಗಲೆಲ್ಲ ಕೆಳಗೆ ಸುಣ್ಣದ ಮಳೆ.

ಈಗ ಮೂರನೇ ಪಿನ್ನು. ಇಂಥ ಯಂತ್ರಗಳ ಪವರ್ ಸಪ್ಲೈ ಒಳಗೆ ವಿದ್ಯುತ್ತಿನ ಗದ್ದಲ ಸೋಸಲು ಸಣ್ಣ ಕೆಪಾಸಿಟರ್ ಇರುತ್ತವೆ. ಅವು ಸೋರುವ ಚೂರು ಕರೆಂಟು ಭೂಮಿಗೆ ಹೋಗೋದು ಮೂರನೇ ಪಿನ್ನಿನಿಂದ. ದಾರಿ ಇಲ್ಲದಿದ್ದರೆ ಅದು ಲೋಹದ ಚೌಕಟ್ಟಿನ ಮೇಲೆ ನಿಂತು, ಮುಟ್ಟಿದವರ ಕೈಗೆ ಝುಂ ಅನ್ನುತ್ತದೆ. ಬೂಟು ಹಾಕಿದ ದೊಡ್ಡವರಿಗೆ ಗೊತ್ತೇ ಆಗದಿರಬಹುದು. ನಲಿಕಲಿ (ಒಂದರಿಂದ ಮೂರನೇ ತರಗತಿಯ ಗುಂಪು ಕಲಿಕೆ) ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು, ಆಗಷ್ಟೇ ಒರೆಸಿದ ಶಹಾಬಾದ್ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಮುಟ್ಟುತ್ತಾರೆ. "ಅದು ಕಡೀತದ" ಅಂತ ಕೂಸು ಹೇಳಿದರೆ ಸುಳ್ಳಲ್ಲ. ಇದು ಸಣ್ಣ ಸೋರಿಕೆಯ ಮಾತಾಯಿತು. ಒಳಗೆ ವೈರ್ ಸುಟ್ಟು ಫೇಸ್, ಅಂದರೆ ಕರೆಂಟು ಹೊತ್ತು ಬರುವ ತಂತಿ, ಚೌಕಟ್ಟಿಗೆ ತಾಗಿದರೆ ಝುಂ ಅನ್ನೋದಲ್ಲ, ಮುಟ್ಟಿದ ಕೂಸಿನ ಜೀವಕ್ಕೇ ಕುತ್ತು. ಲ್ಯಾಪ್‌ಟಾಪಿನಿಂದ ಕೇಬಲ್ ಚುಚ್ಚಿದೊಡನೆ ಬೋರ್ಡಿನ ಚಿತ್ರ-ದನಿ ಒಳಬರುವ ಎಚ್‌ಡಿಎಂಐ ಕಿಂಡಿ ಸಾಯೋದಕ್ಕೂ ಎಷ್ಟೋ ಸಲ ಇದೇ ಕಾರಣ.

ಅಳವಡಿಸಲು ಬರುವ ಹುಡುಗರನ್ನು ಕೇಳಿ ನೋಡಿ: "ಪಾಯಿಂಟ್ ನೀವೇ ಕೊಡ್ಬೇಕ್ರಿ ಸರ, ನಮ್ದು ಬರೇ ಬೋರ್ಡು." ಲಕ್ಷಕ್ಕೂ ಮೇಲಿನ ಬೋರ್ಡು ಒಂದು ಲೆಕ್ಕದಲ್ಲಿ ಬರುತ್ತದೆ, ಅದಕ್ಕೆ ಬೇಕಾದ ಅರ್ಥಿಂಗ್ ಗುಂಡಿ ಯಾವ ಲೆಕ್ಕದಲ್ಲೂ ಇರಲ್ಲ. ಗುಂಡಿ ಅಂದರೆ ಏನು ಮಹಾ? ಗೋಡೆಯಿಂದ ಐದಡಿ ಆಚೆ ಒಂದು ತೋಡು, ಎರಡೂವರೆ ಮೀಟರಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಸುತ್ತ ಇದ್ದಿಲು-ಉಪ್ಪು ಪದರಪದರವಾಗಿ, ಮೇಲೆ ನೀರು ಹಾಕಲು ಬಾಯಿ, ಸಿಮೆಂಟಿನ ಸಣ್ಣ ಚೌಕ, ಮುಚ್ಚಳ. ಅಲ್ಲಿಂದ ಸ್ವಿಚ್ ಬೋರ್ಡಿಗೆ ದಪ್ಪ ತಂತಿ. ಬೋರ್ಡಿನ ಬೆಲೆಯ ಹತ್ತನೇ ಒಂದು ಪಾಲೂ ಆಗಲ್ಲ. ಸಿಂಧನೂರು, ಮಾನ್ವಿ ಕಡೆಯ ಎರೆಭೂಮಿ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಣ್ಣು ಪೈಪಿನಿಂದ ಸರಿಯುತ್ತದೆ. ಅದಕ್ಕೇ ಮಾರ್ಚಿನಿಂದ ವಾರಕ್ಕೆ ಎರಡು ಕೊಡ ನೀರು ಹಾಕಲೇಬೇಕು. ಕುಷ್ಟಗಿ ಕಡೆ ನಾಲ್ಕಡಿಗೇ ಬಂಡೆ ಬಡಿದರೆ ಒಂದು ಆಳದ ಗುಂಡಿಯ ಹಟ ಬಿಟ್ಟು ಎರಡು ಮೂರು ಗುಂಡಿ ತೋಡಿ ತಂತಿ ಜೋಡಿಸಬೇಕು.

ಮುಗಿದ ಮೇಲೆ ವೈರ್‌ಮನ್ ಕಡೆಯಿಂದ ಮಲ್ಟಿಮೀಟರ್ ಹಿಡಿಸಿರಿ. ಫೇಸ್-ನ್ಯೂಟ್ರಲ್ ನಡುವೆ 230ರ ಆಸುಪಾಸು, ಫೇಸ್-ಅರ್ಥ್ ನಡುವೆ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್-ಅರ್ಥ್ ನಡುವೆ ಒಂದೆರಡು ವೋಲ್ಟ್ ಬಂದರೆ ಮೇಲ್ನೋಟಕ್ಕೆ ಸರಿ. ಅಲ್ಲಿ ನೆಟ್ಟಗೆ ಸೊನ್ನೆ ತೋರಿಸಿದರೆ ಖುಷಿಪಡಬೇಡಿ, ಸ್ವಿಚ್ ಬೋರ್ಡು ಬಿಚ್ಚಿಸಿ. ವೈರಿಂಗ್ ಮಾಡಿದ ಪುಣ್ಯಾತ್ಮ ನ್ಯೂಟ್ರಲ್‌ನಿಂದಲೇ ಒಂದು ತುಂಡು ವೈರು ಮೂರನೇ ಪಿನ್ನಿಗೆ ಎಳೆದು ಕೈ ತೊಳಕೊಂಡಿರಬಹುದು. ಮೀಟರಿಗೆ ಅದು ಅರ್ಥಿಂಗಿನಂತೆಯೇ ಕಾಣುತ್ತದೆ. ಎಲ್ಲೋ ನ್ಯೂಟ್ರಲ್ ಕಡಿದ ದಿನ ಬೋರ್ಡಿನ ಇಡೀ ಮೈಗೆ ಫೇಸ್ ಬರುತ್ತದೆ. ಇಲ್ಲದಕ್ಕಿಂತ ಕೆಟ್ಟದ್ದು ಇದು. ಕಂಬದ ಮೇಲೆ ನ್ಯೂಟ್ರಲ್ ಹೋದರೆ ಇನ್ನೊಂದು ಗಂಡಾಂತರ: ವೋಲ್ಟೇಜ್ 400ರ ಹತ್ತಿರ ಏರಿ ಟ್ಯೂಬ್‌ಲೈಟಿನಿಂದ ಹಿಡಿದು ಎಲ್ಲ ಸುಡಬಹುದು. ವೋಲ್ಟೇಜ್ ಮಿತಿ ಮೀರಿದರೆ ತಾನೇ ಕಡಿಯುವ ಸಾಧನವೊಂದನ್ನೂ, ಕರೆಂಟು ಸೋರಿದೊಡನೆ ತಾನೇ ಆಫ್ ಆಗುವ 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನೂ ಹಾಕಿಸಿ.

ರಾಯಚೂರಿನ ಶಕ್ತಿನಗರದಲ್ಲಿ 1720 ಮೆಗಾವ್ಯಾಟ್, ಬಳ್ಳಾರಿಯ ಕುಡತಿನಿಯಲ್ಲಿ 1700 ಮೆಗಾವ್ಯಾಟ್ ವಿದ್ಯುತ್ ಸ್ಥಾವರ ಇಟ್ಟುಕೊಂಡ ಸೀಮೆ ನಮ್ಮದು. ನಾಡಿಗೆಲ್ಲ ಕರೆಂಟು ಕಳಿಸ್ತೀವಿ. ಒಂದು ಪೈಪು ನೆಲಕ್ಕೆ ಹೂಳೋದು ಮಾತ್ರ ಆಗವಲ್ದು.

ಎತ್ತರದ ಕತೆ ಇನ್ನೊಂದು. 75 ಇಂಚಿನ ಬೋರ್ಡು ಸುಮಾರು ಒಂದು ಮೀಟರ್ ಎತ್ತರ ಇರುತ್ತದೆ. ಕೆಳ ಅಂಚನ್ನು ನಾಲ್ಕಡಿಗೆ ಹೊಡೆಯುತ್ತಾರೆ, ಅತಿಥಿಗಳು ನಿಂತರೆ ಫೋಟೋ ಚಂದ ಬರಲಿ ಅಂತ. ಒಂದನೇ ತರಗತಿ ಕೂಸಿನ ಕೈ ತುದಿಗಾಲಲ್ಲಿ ನಿಂತರೂ ನಾಲ್ಕೂವರೆ ಅಡಿ ದಾಟೋದು ಕಷ್ಟ. ಅಂದರೆ ಮುಟ್ಟಿ ಕಲಿಯಲಿ ಅಂತ ತಂದ ಬೋರ್ಡಿನಲ್ಲಿ ಅದಕ್ಕೆ ಸಿಗೋದು ಕೆಳಗಿನ ಅರ್ಧ ಅಡಿ. ಎರಡಡಿಗೆ ಇಳಿಸಿರಿ. ಇನ್ನೂ ಒಳ್ಳೇದು, ಗಾಲಿಯ ಸ್ಟ್ಯಾಂಡ್ ಕೇಳಿರಿ. ನಲಿಕಲಿಯಲ್ಲಿ ಮಕ್ಕಳು 'ತಟ್ಟೆ' ಅನ್ನೋ ಐದು ಗುಂಪುಗಳಾಗಿ, ಬೇರೆಬೇರೆ ದಿಕ್ಕಿಗೆ ಮುಖ ಮಾಡಿ ಕೂತಿರುತ್ತಾರೆ. ಗೋಡೆಗೆ ಬಡಿದ ಬೋರ್ಡಿನ ಕಡೆ ಎಲ್ಲರನ್ನೂ ತಿರುಗಿಸಿದ ಕ್ಷಣಕ್ಕೆ ನಲಿಕಲಿ ಮುಗೀತು, ಸಿನಿಮಾ ಶುರು. ಮಣ್ಣಿನ ಗಾರೆಯ ಹಳೇ ಕಲ್ಲುಗೋಡೆಗೆ ಐವತ್ತು ಕಿಲೋದಷ್ಟು ಭಾರ ತೂಗುಹಾಕೋದು ಬೇಡವೇ ಬೇಡ.

ಕರೆಂಟು ಹೋದಾಗ ಬೋರ್ಡು ನಡೆಸುವ ಯುಪಿಎಸ್ ಬಗ್ಗೆ ಅಳವಡಿಸುವವರು "ಮೂರು ತಾಸು ಬರ್ತದ್ರಿ" ಅಂತಾರೆ. ಗುಣಾಕಾರ ಮಾಡಿ ನೋಡಿ. 12 ವೋಲ್ಟಿನ 7 ಆಂಪಿಯರ್-ಅವರ್ ಬ್ಯಾಟರಿ ಎರಡು ಇದ್ದರೆ 168 ವ್ಯಾಟ್-ಅವರ್. ಬೋರ್ಡು ತಿನ್ನೋದು 250 ವ್ಯಾಟ್. ಲೆಕ್ಕಕ್ಕೆ ನಲವತ್ತು ನಿಮಿಷ, ನಷ್ಟ ಕಳೆದರೆ ಅರ್ಧ ತಾಸು ದಾಟೋದೂ ಕಷ್ಟ. ಬೋರ್ಡು ಸರಿಯಾಗಿ ಆಫ್ ಮಾಡಲಿಕ್ಕೆ ಅಷ್ಟು ಸಾಕು, ಪಾಠಕ್ಕಲ್ಲ. ಪಾಠ ನಡೀಬೇಕಂದರೆ ಇನ್ವರ್ಟರಿಗೆ 150 ಆಂಪಿಯರ್-ಅವರಿನ ಟ್ಯೂಬುಲರ್ ಬ್ಯಾಟರಿ ಬೇಕು, ಅದಕ್ಕೆ ಡಿಸ್ಟಿಲ್ಡ್ ವಾಟರ್ ಬೇಕು. ಬೋರ್‌ವೆಲ್ ನೀರು ಹಾಕಿದರೆ ಅದರ ಉಪ್ಪಂಶ ಬ್ಯಾಟರಿಯ ಆಯುಷ್ಯ ತಿನ್ನುತ್ತದೆ. ಶುದ್ಧ ನೀರಿನ ಘಟಕದ ಕ್ಯಾನ್ ನೀರೂ ಆಗಲ್ಲ. ಟ್ಯಾಬ್‌ಗಳಿದ್ದರೆ ಬೇಸಿಗೆ ರಜೆಗೆ ಪೂರ್ತಿ ಚಾರ್ಜ್ ಮಾಡಿಯೂ ಇಡಬೇಡಿ, ಪೂರ್ತಿ ಖಾಲಿಯೂ ಬಿಡಬೇಡಿ, ಅರ್ಧಕ್ಕೆ ನಿಲ್ಲಿಸಿ. ತಗಡಿನ ಚಾವಣಿ ಕೆಳಗಿನ ಕಬ್ಬಿಣದ ಬೀರುವಿನಲ್ಲಿ ಎರಡು ತಿಂಗಳು ಬೆಂದರೆ ಜೂನಿಗೆ ಪೂರಿಯಂತೆ ಉಬ್ಬಿರುತ್ತವೆ. ಬೀಗ ಇರುವ ಕೋಣೆ ಒಂದೇ ಅಂತ ಬಿಸಿಯೂಟದ ಅಕ್ಕಿ ಚೀಲದ ಪಕ್ಕ ಕಂಪ್ಯೂಟರ್ ಇಡೋದೂ ಬೇಡ. ಅಕ್ಕಿಗೆ ಬಂದ ಇಲಿಗೆ ವೈರು ಉಪ್ಪಿನಕಾಯಿ.

ನುಡಿ ತಂತ್ರಾಂಶದ ಹಳೇ ಅಕ್ಷರದಲ್ಲಿ ಟೈಪ್ ಮಾಡಿದ ಪಾಠ ಬೋರ್ಡಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಸ ಬರೋದಕ್ಕೆ ಬೋರ್ಡಿನ ತಪ್ಪಿಲ್ಲ. ಆ ಫಾಂಟು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿರುತ್ತದೆ, ಬೋರ್ಡಿನಲ್ಲಿ ಆ ಫಾಂಟೇ ಇರಲ್ಲ. ಅದೇ ಕಂಪ್ಯೂಟರಿನಲ್ಲಿ ಪಿಡಿಎಫ್ ಮಾಡಿ ತನ್ನಿ, ಇಲ್ಲವೇ ಎಲ್ಲ ಯಂತ್ರಕ್ಕೂ ಅರ್ಥವಾಗುವ ಯೂನಿಕೋಡ್ ಅಕ್ಷರಕ್ಕೆ ಬದಲಿಸಿ.

"ಬಂದದ್ದನ್ನ ಸ್ವಾಗತಿಸೋದು ಬಿಟ್ಟು ಬರೀ ಕೊಂಕು" ಅಂತ ಕಮೆಂಟ್ ಹಾಕೋರಿದ್ದೀರಿ, ಗೊತ್ತು. "ಸೀಮೆಸುಣ್ಣ ಸಾಕಿತ್ತು" ಅನ್ನೋ ಹಿರಿಯರೂ ಇದ್ದೀರಿ. ಇಬ್ಬರಿಗೂ ಒಂದೇ ಮಾತು. ಸಮುದ್ರ ನೋಡದ ಮಕ್ಕಳಿಗೆ ಅಲೆ ತೋರಿಸುವ ಬೋರ್ಡು ನನಗೂ ಬೇಕು. ಅದಕ್ಕಿಂತ ಬೇಕಾದದ್ದು ಕೂಸಿನ ಸ್ವಂತ ಬರಹವನ್ನೇ ಎಲ್ಲರಿಗೂ ದೊಡ್ಡದಾಗಿ ತೋರಿಸೋದು. ಖರ್ಚಿಲ್ಲದ ಕೆಲಸ ಇದು: ನಡುವೆ ತೂತಿರುವ ಪ್ಲಾಸ್ಟಿಕ್ ಸ್ಟೂಲ್ ಇಡಿ, ಕೆಳಗೆ ನೋಟ್‌ಬುಕ್, ತೂತಿನ ಮೇಲೆ ಫೋನಿನ ಕ್ಯಾಮೆರಾ. ಫೋನಿನ ಹಾಟ್‌ಸ್ಪಾಟಿಗೆ ಬೋರ್ಡು ಜೋಡಿಸಿ ಪರದೆ ಹಂಚಿದರೆ ಆಯಿತು, ಇದಕ್ಕೆ ಡೇಟಾ ಬೇಡ. ಸ್ಟೂಲನ್ನು ಕಿಟಕಿ ಕಡೆ ಇಡಿ, ಇಲ್ಲದಿದ್ದರೆ ಪುಟ ಕತ್ತಲು. "ಅಮ್ಮ" ಬರೆಯುವಾಗ ಒತ್ತಕ್ಷರ ಎಲ್ಲಿ ಜಾರಿತು ಅಂತ ಪಕ್ಕದ ಕೂಸೇ ಎದ್ದು ಬಂದು ಬೋರ್ಡಿನ ಮೇಲೆ ಬೆರಳಿಟ್ಟು ತೋರಿಸುತ್ತದೆ. ಆ ಬೆರಳಿಗೆ ಝುಂ ಅನ್ನಬಾರದು, ಅಷ್ಟೇ ನನ್ನ ಕೊಂಕು.

ಒಪ್ಪಿಕೊಳ್ಳೋದು ಒಂದದ. ಆ ಎರಡು ಪಿನ್ನಿನ ಕನ್ವರ್ಟರ್ ನನ್ನ ಚೀಲದಾಗೂ ವರ್ಷಗಟ್ಟಲೆ ಇತ್ತು. ಸಿಟ್ಟು ಇಷ್ಟು ಬರೋದಕ್ಕೆ ಅದೂ ಒಂದು ಕಾರಣ ಇರಬೇಕು.

ಫೋಟೋದ ಶಾಲೆಯವರು ಇದನ್ನು ಓದುತ್ತಿದ್ದರೆ: ಸರ, ಮೇಡಂ, ಮೊದಲು ಆ ಕನ್ವರ್ಟರ್ ಕಿತ್ತು ಬೀರುವಿನಾಗ ಇಡ್ರಿ. ಗುಂಡಿ ಆಗೋತನಕ ಬೋರ್ಡು ಆನ್ ಮಾಡಬ್ಯಾಡ್ರಿ. ಕುಂಕುಮ ಒಣ ಬ್ರಷ್‌ನಿಂದ ತೆಗೀರಿ. ಒದ್ದೆ ಬಟ್ಟೆ ಮುಟ್ಟಿಸಿದರ ಅದು ಕೆಸರಾಗಿ ಸಂದಿಗೆ ಹತ್ತಿಕೋತದ, ಆಮ್ಯಾಲ ಚೌಕಟ್ಟು ಬಿಚ್ಚಿಸ್ಬೇಕಾಗ್ತದ.