ಇಪ್ಪತ್ತೆರಡರ ಲೆಫ್ಟಿನೆಂಟ್ ಎಲ್ಲಿಂದ ಬರುತ್ತಾನೆ?

ನಿನ್ನೆ ಪಕ್ಕದೂರಿನ ಪಿಯು ಕಾಲೇಜಿನ ಕಾರ್ಯಕ್ರಮಕ್ಕೆ ಹೋಗಿದ್ದೆ. ಇನ್ನೂ ತಲೆ ಬಿಸಿ ಇಳಿದಿಲ್ಲ.

ಸೈನ್ಯ ಸೇರುವುದು ಹೇಗೆ ಅಂತ ಒಬ್ಬರು ಒಂದು ತಾಸು ಮಾತಾಡಿದರು. ಓಟ, ಎದೆಯಳತೆ, ಎತ್ತರ, ಅಗ್ನಿವೀರ್ ರ‍್ಯಾಲಿ. ಕೊನೆಗೆ ಒಬ್ಬ ಹುಡುಗಿ ಎದ್ದು, "ಸರ್, ಆಫೀಸರ್ ಆಗಬೇಕಂದ್ರ ಏನ್ ಮಾಡಬೇಕ್ರಿ?" ಅಂದಳು. ಉತ್ತರ ಏನು ಗೊತ್ತಾ? "ಮೊದಲು ಭರ್ತಿ ಆಗವ್ವ, ಆಮೇಲೆ ಪ್ರಮೋಷನ್ ಸಿಗತೈತಿ."

ಜವಾನರೂ ಒಳಗಿನ ಪರೀಕ್ಷೆ ಬರೆದು ಅಧಿಕಾರಿ ಆಗಬಹುದು, ನಿಜ. ಆದರೆ ಅದು ತುಂಬ ಕಿರಿದಾದ ದಾರಿ. ಎದುರಿಗೆ ಕೂತಿದ್ದವರೆಲ್ಲ ಹದಿನೇಳರ ಮಕ್ಕಳು. ಎನ್‌ಡಿಎ ಅನ್ನುವ ಮೂರು ಅಕ್ಷರ ಹೇಳಲು ಎಷ್ಟು ಹೊತ್ತು ಬೇಕಿತ್ತು? ಪಿಯು ಮುಗಿಸಿದವರನ್ನು ನೇರವಾಗಿ ಅಧಿಕಾರಿಗಳಾಗಿ ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಅದು.

ಸೆಕೆಂಡ್ ಪಿಯು ಓದುತ್ತಿರುವಾಗಲೇ ಅರ್ಜಿ ಹಾಕಬಹುದು. ತರಬೇತಿ ಶುರುವಾಗುವ ಹೊತ್ತಿಗೆ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ ಇರಬೇಕು. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಸುತ್ತದೆ. ಭೂಸೇನೆಗೆ ಆರ್ಟ್ಸ್, ಕಾಮರ್ಸ್‌ನವರೂ ಬರೆಯಬಹುದು, ಗಣಿತದ ಪೇಪರ್ ಮಾತ್ರ ಎಲ್ಲರಿಗೂ ಇದೆ. ವಾಯುಪಡೆ, ನೌಕಾಪಡೆಗೆ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಬೇಕು. ಲಿಖಿತ ಪರೀಕ್ಷೆಗೆ 900 ಅಂಕ, ಎಸ್‌ಎಸ್‌ಬಿಗೆ ಇನ್ನೊಂದು 900. ಎಸ್‌ಎಸ್‌ಬಿ ಅಂದರೆ ಅಧಿಕಾರಿ ಆಗಲು ತಕ್ಕವರನ್ನು ಆರಿಸುವ ಐದು ದಿನದ ಸಂದರ್ಶನ. ಆ ಐದು ದಿನ ಅವರು ನೋಡುವುದು ಎಷ್ಟು ಜೋರಾಗಿ ಓಡುತ್ತೀಯ ಅಂತಲ್ಲ. ಚಿತ್ರ ತೋರಿಸಿ ಕಥೆ ಬರೆಸುತ್ತಾರೆ, ಗುಂಪಿನಲ್ಲಿ ಹಲಗೆ, ಹಗ್ಗ ಕೊಟ್ಟು ಅಡ್ಡಿ ದಾಟಿಸುತ್ತಾರೆ, ಕೂರಿಸಿ ಮಾತಾಡಿಸುತ್ತಾರೆ. ಎಸ್‌ಎಸ್‌ಬಿ ಕೇಂದ್ರ ನಮ್ಮ ಬೆಂಗಳೂರಲ್ಲೇ ಇದೆ. ವಾಯುಪಡೆಯದು ಮೈಸೂರಲ್ಲಿದೆ. ಇದು ತಪ್ಪಿದರೆ ಡಿಗ್ರಿ ಆದ ಮೇಲೆ ಅಧಿಕಾರಿ ಆಗಲು ಸಿಡಿಎಸ್ ಅನ್ನುವ ಪರೀಕ್ಷೆ ಇದೆ. ಎನ್‌ಸಿಸಿ 'ಸಿ' ಸರ್ಟಿಫಿಕೇಟ್ ಇದ್ದವರಿಗೆ ಬೇರೆ ದಾರಿಯೇ ಇದೆ.

ಆ ಹುಡುಗಿಗಂತೂ ಹೇಳಲೇಬೇಕಿತ್ತು. 2021ರಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಎನ್‌ಡಿಎ ಬಾಗಿಲು ಹೆಣ್ಣುಮಕ್ಕಳಿಗೂ ತೆರೆಯಿತು. 2025ರ ಮೇ ತಿಂಗಳಲ್ಲಿ ಮೊದಲ 17 ಹುಡುಗಿಯರು ಪುಣೆ ಹತ್ತಿರದ ಖಡಕ್ವಾಸ್ಲಾದ ಅಕಾಡೆಮಿಯಿಂದ ತರಬೇತಿ ಮುಗಿಸಿ ಹೊರಬಂದರು. ಹುಡುಗಿಯರಿಗೆ ಅರ್ಜಿ ಶುಲ್ಕವೂ ಇಲ್ಲ.

ನನಗೆ ಯಾಕಿಷ್ಟು ಸಂಕಟ ಅಂತ ಹಳೆಯ ಗೆಳೆಯರಿಗೆ ಗೊತ್ತು. ಅಪ್ಪ ಜವಾನನಾಗಿ ಸೇರಿ ಸುಬೇದಾರ್ ಆಗಿ ನಿವೃತ್ತರಾದವರು. ಚಿಕ್ಕವನಿದ್ದಾಗ ಕ್ವಾರ್ಟರ್ಸ್ ಮುಂದೆ ನಿಂತು ನೋಡುತ್ತಿದ್ದೆ. ಮೀಸೆ ಸರಿಯಾಗಿ ಚಿಗುರದ ಲೆಫ್ಟಿನೆಂಟ್‌ಗೆ ಅಪ್ಪ ಸೆಲ್ಯೂಟ್ ಹೊಡೆಯುತ್ತಿದ್ದರು. ಆ ಹುಡುಗ ಎಲ್ಲಿಂದ ಬಂದ ಅಂತ ನಾನು ಕೇಳಲಿಲ್ಲ, ಅಪ್ಪ ಹೇಳಲಿಲ್ಲ. ಅದು ದೊಡ್ಡವರ ಮನೆಯ ಮಕ್ಕಳಿಗೆ ಅಂದುಕೊಂಡಿದ್ದೆವು. ಎನ್‌ಡಿಎ ಬಗ್ಗೆ ನನಗೆ ತಿಳಿದಾಗ ಇಪ್ಪತ್ತು ತುಂಬಿತ್ತು. ಆವತ್ತು ರಾತ್ರಿ ಅತ್ತಿದ್ದೆ. ಇದನ್ನು ಇಲ್ಲಿವರೆಗೆ ಯಾರಿಗೂ ಹೇಳಿರಲಿಲ್ಲ.

"ಹಾಗಾದರೆ ಜವಾನ ಆಗುವುದು ಕೀಳಾ?" ಅಂತ ಕೇಳುವವರು ಇರುತ್ತಾರೆ. ನಾನು ಜವಾನನ ಸಂಬಳದಲ್ಲಿ ಬೆಳೆದವನು, ನನಗೆ ಆ ಪ್ರಶ್ನೆ ಬೇಡ. ಎರಡೂ ಬಾಗಿಲು ತೋರಿಸಿ, ಮಗು ಆರಿಸಿಕೊಳ್ಳಲಿ ಅಂತಷ್ಟೇ ನನ್ನ ಮಾತು. "ನಮ್ಮ ಮಕ್ಕಳಿಗೆ ಇಂಗ್ಲಿಷ್ ಕಷ್ಟ" ಅನ್ನುವುದರಲ್ಲಿ ಸ್ವಲ್ಪ ಸತ್ಯ ಇದೆ. ಸಿಆರ್‌ಪಿಎಫ್, ಬಿಎಸ್‌ಎಫ್ ಕಾನ್‌ಸ್ಟೆಬಲ್ ಪರೀಕ್ಷೆಯನ್ನು 2024ರಿಂದ ಕನ್ನಡದಲ್ಲಿ ಬರೆಯಬಹುದು. ಎನ್‌ಡಿಎ ಪ್ರಶ್ನೆಪತ್ರಿಕೆ ಇವತ್ತಿಗೂ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಇದಕ್ಕೆ ನಾವು ಜಗಳ ಆಡಬೇಕು. ಆದರೆ ಅದೇ ನೆಪದಲ್ಲಿ ವಿಷಯವನ್ನೇ ಮುಚ್ಚಿಡುವುದು ಯಾವ ನ್ಯಾಯ? ಕಾರ್ಯಪ್ಪ, ತಿಮ್ಮಯ್ಯ ಅವರ ಫೋಟೊಗೆ ಹಾರ ಹಾಕಿದ ವೇದಿಕೆ ಅದು. ಅವರಿಬ್ಬರೂ ಅಧಿಕಾರಿಗಳಾಗಿಯೇ ಸೇನೆ ಸೇರಿದವರು ಅಂತ ಹೇಳುವವರು ಅಲ್ಲಿ ಒಬ್ಬರೂ ಇರಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಗೇಟಿನ ಹತ್ತಿರ ಆ ಹುಡುಗಿಯನ್ನು ನಿಲ್ಲಿಸಿದೆ. ಅವಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಎಲ್ಲ ಬರೆದುಕೊಟ್ಟೆ. ಹುಟ್ಟಿದ ದಿನ ಕೇಳಿ ಇಬ್ಬರೂ ಬೆರಳು ಮಡಚಿ ಲೆಕ್ಕ ಹಾಕಿದೆವು. ಇನ್ನೂ ಮೂರು ಸಲ ಬರೆಯಬಹುದು ಅವಳು.